ಹತ್ತೊಂಬತ್ತನೇ ಕಾಲಂ

ಸೆಪ್ಟೆಂಬರ್ 14, 1995

ಕನ್ನಡಕದಂಗಡಿಯ ಯಜಮಾನರಿಗೆ,

ಇಳಿದ ದಿನ ಹಾಕಿದ ಕಾರ್ಡು ಕೈಸೇರಿರಬೇಕು. ಅದರಲ್ಲಿ ಬರೆಯಲು ಜಾಗವಿರಲಿಲ್ಲ, ನನಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ. ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ.

ಹೊರದೇಶದ ಸಂಶೋಧಕರನ್ನು ಕರೆತರಲೆಂದೇ ಈ ವಿಶ್ವವಿದ್ಯಾಲಯ ಇಟ್ಟಿರುವ ಫೆಲೋಶಿಪ್ಪಿನಲ್ಲಿ ಈ ವರ್ಷ ನಾವು ಎಂಟು ಜನ. ಮೊದಲ ದಿನ ಎಂಟೂ ಜನರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆದರು. ಹೆಂಗಸು ನಾನೊಬ್ಬಳೇ ಆದ್ದರಿಂದ ಹಿಂದೆ ನಿಂತಿದ್ದವಳನ್ನು ಎಳೆದು ನಡುವೆ ತಂದರು. ಹಲ್ಲುನೋವಿನವಳ ಹಾಗೆ ಬಂದಿದ್ದೇನೆ.

ನನ್ನ ಪ್ರಯೋಗಶಾಲೆ ನೆಲಮಾಳಿಗೆಯಲ್ಲಿ. ಉಪ್ಪುನೀರಿನ ಹನ್ನೆರಡು ತೊಟ್ಟಿ, ಒಂದೊಂದರಲ್ಲಿ ಎಂಟು ಕಾಂಕ್ರೀಟ್ ಗಟ್ಟಿ, ಪ್ರತಿ ಗಟ್ಟಿಯೊಳಗೆ ಒಂದು ಕಬ್ಬಿಣದ ಸರಳು. ಒಳಗಿನ ಸರಳಿಗೆ ತುಕ್ಕು ಹಿಡಿಯಲು ಶುರುವಾದದ್ದು ಯಾವಾಗ ಎಂದು ಗಟ್ಟಿಯನ್ನು ಒಡೆಯದೆ, ತಂತಿ ಹಚ್ಚಿ ಅಳೆಯುವುದು ನನ್ನ ಕೆಲಸ. ಹನ್ನೊಂದು ವರ್ಷ ಅಲ್ಲಿ ಬಕೆಟ್ಟಿನಲ್ಲಿ ಮಾಡಿದ್ದನ್ನು ಇಲ್ಲಿ ತೊಟ್ಟಿಯಲ್ಲಿ ಮಾಡುತ್ತಿದ್ದೇನೆ. ಎರಡು ವರ್ಷ ಸರಿಯಾಗಿ ನಡೆದರೆ ಕಾಯಂ ಕೆಲಸ ಖಂಡಿತ ಎಂದು ಪ್ರೊಫೆಸರರೇ ಬಾಯಿಬಿಟ್ಟು ಹೇಳಿದರು.

ಮುಖ್ಯವಾದದ್ದು ಇನ್ನು ಮುಂದೆ. ನಮ್ಮ ಮಗಳು ಸಾಸಿವೆಯಂಥ, ಕಿವಿ ಕೇಳದ ಮಕ್ಕಳ ಶಾಲೆ ಇಲ್ಲಿಂದ ಹತ್ತು ನಿಮಿಷದ ದಾರಿ. ನಿನ್ನೆ ಬೇಲಿಯಾಚೆ ನಿಂತು ನೋಡಿದೆ. ಇಬ್ಬರು ಹುಡುಗಿಯರು ಕೈಯಲ್ಲೇ ಜಗಳವಾಡುತ್ತಿದ್ದರು. ಅವರ ಸನ್ನೆ ನಮ್ಮದಲ್ಲ, ಜಗಳ ಅನ್ನುವುದಷ್ಟೇ ಅರ್ಥವಾಯಿತು. ಅಲ್ಲಿ ಅವಳ ಶಾಲೆ ನಾಲ್ಕನೇ ತರಗತಿಗೆ ಮುಗಿದುಹೋಗುತ್ತದೆ. ಇಲ್ಲಿ ಹನ್ನೆರಡರವರೆಗೂ ಇದೆ. ಬೇಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಕಾವಲುಗಾರ ಬಂದು ಯಾರು ಬೇಕು ಎಂದು ಕೇಳಿದ.

ಫೆಲೋಶಿಪ್ ಕಚೇರಿಯಮ್ಮ ನಿಮ್ಮೆಲ್ಲರ ಅರ್ಜಿಯನ್ನು ನನ್ನಿಂದಲೇ ತುಂಬಿಸಿಕೊಂಡು ಕಳಿಸಿದ್ದಾರೆ. ವೀಸಾ ಕಚೇರಿಯಿಂದ ನಿಮಗೆ ಕರೆ ಬರುತ್ತದೆ. ಜನವರಿಗೆ ಎರಡು ಕೋಣೆಯ ಮನೆ ಕೊಡುತ್ತಾರೆ. ಅತ್ತೆಗೆ ಮೆಟ್ಟಿಲು ಹತ್ತುವ ಕೆಲಸವಿಲ್ಲ, ನೆಲದ ಮನೆಯನ್ನೇ ಕೇಳಿದ್ದೇನೆ.

ನಿಮ್ಮವಳು


ಅಕ್ಟೋಬರ್ 3, 1995

ತುಕ್ಕಿನ ಡಾಕ್ಟರಮ್ಮನವರಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದ್ದಾಯಿತು. ಒಂದು ಸಲ ನನಗೆ, ಒಂದು ಸಲ ಅಮ್ಮನಿಗೆ, ಒಂದು ಸಲ ಕೈಯಲ್ಲಿ ಸಾಸಿವೆಗೆ. ಅಮ್ಮ ಕೇಳಿಸಿಕೊಂಡು, "ತುಕ್ಕು ಹಿಡಿಯೋದನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮನೆ ಗೇಟು ಸಾಲ್ತಿರಲಿಲ್ವಾ?" ಎಂದಳು. ಹಾಗಂದವಳೇ ನೆರೆಮನೆಯವರಿಗೆಲ್ಲ, ಸೊಸೆ ಫೋಟೋದಲ್ಲಿ ನಡುವೆ ನಿಂತಿದಾಳೆ ಎಂದು ಹೇಳಿ ಬಂದಿದ್ದಾಳೆ.

ಅಂಗಡಿಗೆ ಗಿರಾಕಿ ಸಿಕ್ಕಿದ್ದಾನೆ. ಗಾಜು ಉಜ್ಜುವ ಯಂತ್ರ, ಕಪಾಟು, ಗೋಡೆಯ ಅಕ್ಷರಪಟ, ಎಲ್ಲ ಸೇರಿಸಿ ಅವನಿಗೇ. ಅಲ್ಲಿ ಯಾರದಾದರೂ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಲು ಕೂತರೂ ಆಯಿತು, ಕಣ್ಣು ಮಂಜಾಗದ ದೇಶ ಯಾವುದಿದೆ?

ಸಾಸಿವೆ ಬೇಲಿಯಾಚೆಯ ಆ ಇಬ್ಬರು ಹುಡುಗಿಯರ ವಿಷಯ ಬಿಡುತ್ತಿಲ್ಲ. ಜಗಳ ಯಾತಕ್ಕೆ, ಗೆದ್ದವರು ಯಾರು, ದೊಡ್ಡವಳು ಎಡಗೈಯವಳೋ ಬಲಗೈಯವಳೋ? ನೋಡಿ ಬರೆಯಬೇಕಂತೆ. ಒಂಬತ್ತು ವರ್ಷಕ್ಕೇ ವಕೀಲಿಕೆ.

ವೀಸಾ ಕಚೇರಿಯಿಂದ ಕರೆ ಬಂತು. ಈ ತಿಂಗಳ 26ಕ್ಕೆ. ಮೂವರಿಗೂ ಅವರ ಡಾಕ್ಟರಿಂದ ಪರೀಕ್ಷೆ: ಎದೆ, ಕಣ್ಣು, ಕಿವಿ. ಕಣ್ಣಿನದು ನನ್ನ ಖಾತೆ, ಅಮ್ಮನನ್ನೂ ಪಾಸು ಮಾಡಿಸುತ್ತೇನೆ. ಕಿವಿಯದೇನು, ಇದ್ದದ್ದು ಇದ್ದ ಹಾಗೆ. ಅರ್ಜಿಯಲ್ಲಿ ನೀನು ಬರೆದೇ ಇದ್ದೀಯಲ್ಲ.

ಉಣ್ಣುವುದು ಮರೆಯಬೇಡ.

ನಿನ್ನವನು


ನವೆಂಬರ್ 20, 1995

ಯಜಮಾನರಿಗೆ,

ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ಕೂಡಲೇ ಉತ್ತರ ಬರೆಯಲಾಗಲಿಲ್ಲ, ಕ್ಷಮಿಸಿ. ತೊಟ್ಟಿಯ ಪಂಪು ಕೆಟ್ಟು ನೀರೆಲ್ಲ ನೆಲಕ್ಕೆ ಬಂದು ದೊಡ್ಡ ರಾಮಾಯಣವಾಯಿತು.

ಪರೀಕ್ಷೆ ಹೇಗಾಯಿತು? ಡಾಕ್ಟರು ಏನಾದರೂ ಅಂದರೇ? ಕಾಗದ ಬಂತೇ? ಬಂದಿದ್ದರೆ ಅದರಲ್ಲಿ ಏನಿದೆ ಎಂದು ಅಕ್ಷರ ಬಿಡದೆ ಬರೆದು ಕಳಿಸಿ.

ಮನೆ ನೋಡಿಬಂದೆ. ಅಡುಗೆಮನೆಯ ಕಿಟಕಿ ರಸ್ತೆಗೆ ತೆರೆಯುತ್ತದೆ. ಮುಂಬಾಗಿಲ ಗಂಟೆ ಒತ್ತಿದರೆ ಒಳಗೆ ದೀಪ ಹತ್ತುವ ಹಾಗೆ ತಂತಿ ಎಳೆದುಕೊಡುತ್ತೀರಾ ಎಂದು ಮನೆಯ ಉಸ್ತುವಾರಿಯವನನ್ನು ಕೇಳಿದೆ. "ಅದಕ್ಕೇನು, ಅರ್ಧ ಗಂಟೆ ಕೆಲಸ" ಎಂದ. ಅವನಿಗೆ ಅರ್ಧ ಗಂಟೆಯ ಕೆಲಸ. ಬಾಗಿಲು ಬಡಿದವರು ಯಾರೆಂದು ಅವಳು ಇಷ್ಟು ವರ್ಷ ನಮ್ಮ ಮುಖ ನೋಡಿ ತಿಳಿದುಕೊಂಡಿದ್ದಾಳೆ.

ಎಡಗೈಯವಳು ದೊಡ್ಡವಳು ಎಂದು ಸಾಸಿವೆಗೆ ಹೇಳಿ. ಗೆದ್ದದ್ದು ಚಿಕ್ಕವಳು.

ನಿಮ್ಮವಳು


ಡಿಸೆಂಬರ್ 12, 1995

ಡಾಕ್ಟರಮ್ಮನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಪರೀಕ್ಷೆ ಆಯಿತು. ಕಾಗದಪತ್ರದ ಕೆಲಸ ಗೊತ್ತಲ್ಲ, ಮೇಜಿನಿಂದ ಮೇಜಿಗೆ ಹೋಗಬೇಕು.

ಜನವರಿಗೆ ಆಗುವುದಿಲ್ಲ. ಅಮ್ಮನ ಬಲಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿಯೇ ಹೊರಡುವುದು ಒಳ್ಳೆಯದು ಎಂದು ಡಾಕ್ಟರು ಅಂದರು. ಅಂಗಡಿಯ ಗಿರಾಕಿಯೂ ಮೀನಮೇಷ ಎಣಿಸುತ್ತಿದ್ದಾನೆ. ಅವಸರವೇನಿಲ್ಲ. ನೀನು ನಿನ್ನ ತೊಟ್ಟಿ ನೋಡಿಕೋ. ಮನೆಯ ವಿಷಯ ತಲೆಗೆ ಹಚ್ಚಿಕೊಳ್ಳಬೇಡ.

ಸಾಸಿವೆ ಗುಣಾಕಾರದಲ್ಲಿ ಮೊದಲ ಸ್ಥಾನ.

ನಿನ್ನವನು


ಜನವರಿ 5, 1996

ಯಜಮಾನರಿಗೆ,

ನಿಮ್ಮ ಪಕ್ಕದ ಔಷಧದಂಗಡಿಯ ಫೋನಿಗೆ ಮಾಡಿದ್ದೆ. ಅವರು ನಿಮ್ಮನ್ನು ಕರೆಯಲು ಹೋದರು, ನೀವು ಬಂದಿರಿ, ಒಂದು ಮಾತು ಆಡುವುದರೊಳಗೆ "ಅಂಗಡೀಲಿ ಜನ ಇದಾರೆ, ಕಾಗದ ಬರೀತೀನಿ" ಎಂದು ಇಟ್ಟುಬಿಟ್ಟಿರಿ. ಸಮುದ್ರದಾಚೆಯಿಂದ ಹೆಂಡತಿ ಕರೆದಾಗ ಕಾಯಿಸಲಾರದಂಥ ಗಿರಾಕಿ ಯಾರಿದ್ದರು?

ಮಾರ್ಚ್ ಕೊನೆಯವರೆಗೆ ಮಾತ್ರ ಮನೆಯನ್ನು ನನ್ನ ಹೆಸರಿನಲ್ಲಿ ಇಟ್ಟಿರುತ್ತಾರೆ. ಆಮೇಲೆ ಪಟ್ಟಿಯಲ್ಲಿ ಮುಂದಿನವರಿಗೆ. ಅತ್ತೆಯ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಯಿತು, ನೀವೇ ನೋಡಿ ಹೇಳಿದ್ದಿರಿ. ಈಗ ಇದ್ದಕ್ಕಿದ್ದಂತೆ ಅದು ಅಡ್ಡ ಬಂತೇ? ಗಿರಾಕಿ ಹಿಂದೆ ಸರಿದನೇ, ಅಥವಾ ನೀವು ಸರಿದಿರಾ?

ಇಲ್ಲಿ ನನ್ನ ದಿನ ಹೇಗೆ ಹೋಗುತ್ತದೆ ಎಂದು ನೀವು ಕೇಳುವುದಿಲ್ಲ. ನೆಲಮಾಳಿಗೆಯಲ್ಲಿ ಪಂಪಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಸಂಜೆ ಕೋಣೆಗೆ ಬಂದು ಕನ್ನಡಿಯ ಮುಂದೆ ಕೈಮಾತು ಆಡುತ್ತೇನೆ, ಮರೆತುಹೋದೀತೆಂದು. ಹೋದ ವಾರ ಪಕ್ಕದ ಕೋಣೆಯ ಫೆಲೋ ತೆರೆದ ಬಾಗಿಲಿನಿಂದ ನೋಡಿ, ಮೈ ಹುಷಾರಿಲ್ವಾ ಎಂದು ಕೇಳಿದ.

ಬರಲು ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಿ. ಕಾಯುವುದಕ್ಕಿಂತ ಅದೇ ವಾಸಿ.


ಜನವರಿ 24, 1996

ನೀನು ನೇರವಾಗಿ ಹೇಳು ಎಂದೆ. ಹೇಳುತ್ತೇನೆ.

ಹೌದು, ನನಗೆ ಬರಲು ಮನಸ್ಸಿಲ್ಲ. ಈ ಅಂಗಡಿಯಲ್ಲಿ ಹದಿನಾರು ವರ್ಷ ಕೂತಿದ್ದೇನೆ. ಇಲ್ಲಿ ಜನ ನನ್ನ ಹತ್ತಿರ ಬಂದು, "ಕಾಣ್ತಿಲ್ಲ, ನೋಡಿ ಹೇಳಿ" ಎನ್ನುತ್ತಾರೆ. ಅಲ್ಲಿ ನಾನು ಯಾರು? ಹೆಂಡತಿಯ ಅರ್ಜಿಯಲ್ಲಿ ಒಂದು ಸಾಲು. ಈ ವಯಸ್ಸಿನಲ್ಲಿ ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೆಲಸ ಕೇಳಲಾರೆ.

ತಪ್ಪು ನನ್ನದೇ. ಮೊದಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ನೀನು ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ. ಆದರೆ ಕೆಲಸ ಬಿಟ್ಟು ಮಾತ್ರ ಬರಬೇಡ. ಇದೊಂದನ್ನೇ ಕೇಳಿಕೊಳ್ಳುತ್ತೇನೆ. ಹನ್ನೊಂದು ವರ್ಷ ನೀನು ಬಕೆಟ್ಟುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತದ್ದನ್ನು ನೋಡಿದವನು ನಾನು.


ಫೆಬ್ರವರಿ 11, 1996

ನಿಮ್ಮ ಕಾಗದ ಬಂತು.

ಅಂದು ಮಂಗಳವಾರ, ಅಳತೆಯ ದಿನ. ತೊಂಬತ್ತಾರು ಗಟ್ಟಿಗಳಿಗೂ ತಂತಿ ಹಚ್ಚಿ, ಅಂಕಿ ಬರೆದುಕೊಂಡು, ಕೈ ತೊಳೆದು, ಆಮೇಲೆ ಇನ್ನೊಂದು ಸಲ ಓದಿದೆ. ಮೊದಲ ಸಲ ಓದಿದಾಗ ನೀವು ಬರೆದದ್ದಲ್ಲ ಅನ್ನಿಸಿತ್ತು. ಎರಡನೇ ಸಲವೂ ಅಕ್ಷರ ನಿಮ್ಮದೇ.

ಸರಿ. ನೀವು ಬರಬೇಡಿ. ನಿಮ್ಮನ್ನು ಇನ್ನು ಕರೆಯುವುದಿಲ್ಲ. ಸಾಸಿವೆಯನ್ನು ಕಳಿಸಿ.

ಮಾರ್ಚಿಗೆ ಅವಳ ಶಾಲೆ ಮುಗಿಯುತ್ತದೆ. ಆಮೇಲೆ ಏನು ಮಾಡುತ್ತೀರಿ? ಮಾಮೂಲಿ ಶಾಲೆಯ ಹೆಡ್‌ಮಾಸ್ಟರರು ಏನಂದಿದ್ದರೆಂದು ನೆನಪಿದೆಯಲ್ಲ: "ಕೂತ್ಕೊಳ್ಳೋಕೆ ಜಾಗ ಕೊಡಬಹುದು, ಹಿಂದಿನ ಬೆಂಚಲ್ಲಿ. ಕಲಿಯೋದು ಅವಳಿಗೆ ಬಿಟ್ಟಿದ್ದು." ನಿಮ್ಮ ಮಾನಕ್ಕಾಗಿ ಅವಳು ಹಿಂದಿನ ಬೆಂಚಿನಲ್ಲಿ ಕೂರಬೇಕೇ? ಏಪ್ರಿಲ್ ಮೊದಲ ವಾರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಅವಳ ಕಾಗದಪತ್ರ ಎಲ್ಲಿಗೆ ಬಂದಿದೆ ಎಂದು ತಿಳಿಸಿ, ಸಾಕು. ಬೇರೆ ಏನೂ ಬರೆಯುವುದು ಬೇಡ.


ಮಾರ್ಚ್ 1, 1996

ಸಾಸಿವೆಯನ್ನು ಕಳಿಸಲಾರೆ. ಕಾರಣ ಕೇಳಬೇಡ. ನನ್ನ ಹಟ ಎಂದೇ ಇಟ್ಟುಕೋ.

ಅವಳು ಬರೆದ ಕಾಗದ ಜೊತೆಗಿಟ್ಟಿದ್ದೇನೆ. ನಾನು ಓದಿಲ್ಲ.


ಮಾರ್ಚ್ 19, 1996

ನಿಮಗೆ ಹೇಗೆ ಬರೆಯಲಿ, ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ ಎರಡು ದಿನದಿಂದ ಕಾಗದ ಹರಿಯುತ್ತಿದ್ದೇನೆ.

ಯಾವಾಗ ಬರುತ್ತೀಯ ಎಂದಷ್ಟೇ ಸಾಸಿವೆ ತನ್ನ ಕಾಗದದಲ್ಲಿ ಕೇಳಿದ್ದಳು. ನಿಮ್ಮ ಮೇಲಿನ ಸಿಟ್ಟಿನಲ್ಲಿ, ಅವಳೊಬ್ಬಳಿಗೇ ಹೊಸ ಅರ್ಜಿ ಹಾಕೋಣವೆಂದು ಕಚೇರಿಯಮ್ಮನ ಹತ್ತಿರ ಹೋದೆ. ಆಕೆ ನನ್ನನ್ನು ಒಂದು ಥರಾ ನೋಡಿದರು.

"ಹೊಸ ಅರ್ಜಿ ಹೇಗೆ ಹಾಕ್ತೀರಾ? ಹಳೇದು ತಿರಸ್ಕಾರ ಆಗಿದೆಯಲ್ಲ, ನವೆಂಬರಲ್ಲೇ. ನಿಮ್ಮ ಯಜಮಾನ್ರು ಹೇಳಲಿಲ್ವಾ?"

"ಇಲ್ಲ."

"ನಮಗೂ ಪ್ರತಿ ಬಂದಿತ್ತು. ನೀವಾಗಿ ಮಾತೆತ್ತಲಿಲ್ಲ. ನೋವಲ್ಲಿರ್ತೀರಿ ಅಂತ ನಾನೂ ಕೇಳಲಿಲ್ಲ."

ಫೈಲು ತೆಗೆದು ನನ್ನ ಕಡೆ ತಿರುಗಿಸಿದರು. ಹತ್ತೊಂಬತ್ತನೇ ಕಾಲಂ: ಕುಟುಂಬದಲ್ಲಿ ಯಾರಿಗಾದರೂ ಅಂಗವೈಕಲ್ಯ ಇದೆಯೇ? ಇಲ್ಲ. ವೀಸಾ ಕಚೇರಿಯ ಡಾಕ್ಟರ ವರದಿ: ಮಗುವಿನ ಎರಡೂ ಕಿವಿಗೆ ಶ್ರವಣವಿಲ್ಲ, ಹುಟ್ಟಿನಿಂದ. ಮುಖ್ಯ ಅರ್ಜಿದಾರರು ಸುಳ್ಳು ಮಾಹಿತಿ ನೀಡಿದ್ದರಿಂದ ಇಡೀ ಕುಟುಂಬ ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಮೇಲ್ಮನವಿಗೆ ಅರವತ್ತು ದಿನ. ಆ ಅರವತ್ತು ದಿನ ಜನವರಿ 26ಕ್ಕೆ ಮುಗಿದಿತ್ತು.

ನಾನು ಅವಸರದಲ್ಲಿ ತಪ್ಪಿ ಬರೆದೆ ಎಂದು ನೀವು ಅಂದುಕೊಂಡಿರಬೇಕು. ನನಗೆ ಗೊತ್ತಾದರೆ ಎದೆ ಒಡೆದೀತೆಂದು ಎಲ್ಲವನ್ನೂ ನಿಮ್ಮ ಮೇಲೆ ಹಾಕಿಕೊಂಡಿರಿ. ನಿಜ ಹೇಳುತ್ತೇನೆ, ಕೇಳಿ. ಅದು ಕೈತಪ್ಪಲ್ಲ. ಪಕ್ಕದ ಕೋಣೆಯ ಫೆಲೋ ಮೊದಲ ದಿನವೇ, "ಅಂಥ ಮಕ್ಕಳಿದ್ರೆ ಒಳಗೆ ಬಿಡಲ್ಲ, ಖರ್ಚು ಜಾಸ್ತಿ ಅಂತಾರೆ" ಎಂದಿದ್ದ. ಆ ಕಾಲಮ್ಮಿನ ಹತ್ತಿರ ನನ್ನ ಪೆನ್ನು ನಿಂತಿತು. ಕಚೇರಿಯಮ್ಮ ಎದುರಿಗೇ ಕೂತಿದ್ದರು, ಕೇಳಬಹುದಿತ್ತು. ಕೇಳಲಿಲ್ಲ. ಇಲ್ಲ ಎಂದು ಬರೆದೆ. ಹೆತ್ತ ಮಗಳನ್ನು ಕಾಗದದ ಮೇಲೆ ಅಳಿಸಿ, ಬೇರೆ ಒಬ್ಬಳನ್ನು ಬರೆದೆ.

ನಿಮ್ಮ ಅಕ್ಟೋಬರಿನ ಕಾಗದದಲ್ಲಿ ಕಿವಿಯ ಪರೀಕ್ಷೆ ಎಂದು ಓದಿದ ಕೂಡಲೇ ಫೋನ್ ಮಾಡಬೇಕಿತ್ತು. ಪಂಪು ಕೆಟ್ಟದ್ದು ಒಂದೇ ದಿನ. ಉಳಿದ ದಿನ ನಾನು ಸುಮ್ಮನೆ ಹೆದರಿಕೊಂಡು ಕೂತಿದ್ದೆ. ಯಾರೂ ಗಮನಿಸದೆ ದಾಟಿಹೋದೀತು ಎಂದುಕೊಂಡೆ. ನೀವು ಸಬೂಬು ಹೇಳತೊಡಗಿದಾಗ ನನಗೆ ಅನುಮಾನ ಬರಲಿಲ್ಲ ಎಂದರೆ ಅದೂ ಸುಳ್ಳು. ನಿಮಗೆ ಮನಸ್ಸಿಲ್ಲ ಎಂದು ನಂಬುವುದು ಅದಕ್ಕಿಂತ ಸುಲಭವಾಗಿತ್ತು.

ಇನ್ನೂ ಒಂದಿದೆ. ನಿಜ ಬರೆದಿದ್ದರೆ ಏನಾಗುತ್ತಿತ್ತು ಎಂದು ಕಚೇರಿಯಮ್ಮನನ್ನು ಕೇಳಿದೆ.

"ಏನೂ ಆಗ್ತಿರಲಿಲ್ಲ. ಫೆಲೋಗಳ ಮಕ್ಕಳಿಗೆ ವಿನಾಯಿತಿ ಇದೆ. ಇನ್ನೊಂದು ಹಾಳೆ ತುಂಬಬೇಕು, ಅಷ್ಟೆ. ಹೋದ ವರ್ಷ ಒಬ್ಬರ ಮಗ ಗಾಲಿಕುರ್ಚೀಲೇ ಬಂದ."

ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.


ಏಪ್ರಿಲ್ 6, 1996

ಬೈಯಲು ಕೂತರೆ ಯಾರನ್ನು ಮೊದಲು ಬೈಯಬೇಕೆಂದು ತಿಳಿಯುತ್ತಿಲ್ಲ.

ಕೈತಪ್ಪೇ ಎಂದುಕೊಂಡಿದ್ದೆ. ನವೆಂಬರ್ 27ರಂದು ವೀಸಾ ಕಚೇರಿಯ ಕಿಟಕಿಯ ಮುಂದೆ ನಿಂತು, "ಸರ್, ನನ್ನ ಹೆಂಡತಿಗೆ ಪ್ರಶ್ನೆ ಅರ್ಥ ಆಗಿರಲ್ಲ" ಎಂದು ವಾದಿಸಿದೆ. ಆ ಅಧಿಕಾರಿ ಕೆಟ್ಟವನಲ್ಲ. "ಡಾಕ್ಟರೇಟ್ ಮಾಡಿದವರಿಗೆ ಇಷ್ಟು ಅರ್ಥ ಆಗಲ್ವಾ?" ಎಂದ. ಅವನ ಮೇಲೆ ಕೈ ಮಾಡುವಷ್ಟು ಸಿಟ್ಟು ಬಂತು ನನಗೆ. ಈಗ ಯಾರ ಮೇಲೆ ಬರಲಿ?

ಸಾಸಿವೆ ಪಕ್ಕದಲ್ಲೇ ನಿಂತಿದ್ದಳು. ಅಧಿಕಾರಿಯ ತುಟಿ ನೋಡುತ್ತಿದ್ದಳು. ಏನಂದರು ಎಂದು ನನ್ನ ತೋಳು ಎಳೆದು ಕೇಳಿದಳು. ಅಮ್ಮ ಕೆಲಸ ಮುಗಿಸಿಕೊಂಡು ತಾನೇ ಬರುತ್ತಾಳಂತೆ ಎಂದೆ. ಅವಳು ನಂಬಲಿಲ್ಲ. ನಂಬಿದ ಹಾಗೆ ಮಾಡಿದಳು. ಇಡೀ ಮನೆಗೇ ಈ ವಿದ್ಯೆ ಬಂದುಬಿಟ್ಟಿದೆ.

ಮೇಲ್ಮನವಿಗೆ ನಿನ್ನ ಸಹಿ ಬೇಕಿತ್ತು, ನೀನೇ ಬರೆದ ವಿವರಣೆ ಬೇಕಿತ್ತು. ಅದನ್ನು ಕೇಳಿದರೆ ನಿನಗೆ ಎಲ್ಲ ತಿಳಿಯುತ್ತದೆ, ತಿಳಿದರೆ ಮರುದಿನವೇ ಗಂಟುಮೂಟೆ ಕಟ್ಟುತ್ತೀಯ, ವಿಶ್ವವಿದ್ಯಾಲಯಕ್ಕೆ ಗೊತ್ತಾದರೆ ನಿನ್ನನ್ನೂ ಕಳಿಸುತ್ತಾರೆ. ಹೀಗೆ ಲೆಕ್ಕ ಹಾಕುತ್ತಾ ಆ ತಿರಸ್ಕಾರದ ಹಾಳೆಯನ್ನು ಗಾಜಿನ ಕಪಾಟಿನ ಕೆಳಗಿನ ಡ್ರಾಯರಿನಲ್ಲಿಟ್ಟು ದಿನಕ್ಕೆ ಹತ್ತು ಸಲ ತೆರೆದು ನೋಡಿದೆ. ನನಗೆ ಮನಸ್ಸಿಲ್ಲ ಎಂದು ನಿನಗೆ ಬರೆದ ದಿನ ಇನ್ನೂ ಎರಡು ದಿನ ಉಳಿದಿತ್ತು. ವೀಸಾ ಕಚೇರಿಗೆ ತಂತಿ ಕೊಟ್ಟು ಇನ್ನಷ್ಟು ಗಡುವು ಕೇಳಬಹುದಿತ್ತು. ಅದರ ಬದಲು ನಿನಗೆ ಆ ಕಾಗದ ಬರೆದೆ. ತ್ಯಾಗ ಮಾಡುತ್ತಿದ್ದೇನೆ ಎಂಬ ಹೆಮ್ಮೆಯೂ ಇತ್ತು ಎಂದು ಈಗ ಕಾಣುತ್ತಿದೆ. ನೀನು ಬಾಗಿಲು ಮುಚ್ಚಿದೆ, ನಾನು ಚಿಲಕ ಹಾಕಿದೆ.

ಆದರೂ ಒಂದು ಮಾತು ಹೇಳದೆ ಇರಲಾರೆ. ಸುಳ್ಳು ಬರೆದವಳು ನೀನು. ಆ ಡಾಕ್ಟರ ಮುಂದೆ ಅವಳನ್ನು ಕೂರಿಸಿ ನೋಡಿದವನು ನಾನು. ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ನನಗೆ ಸ್ವಲ್ಪ ಕಾಲ ಬೇಕು.

ಶಾಲೆ ಮುಗಿಯಿತು. ದಿನವೂ ಅಂಗಡಿಗೆ ಬರುತ್ತಾಳೆ.


ಮೇ 2, 1996

ನೀವು ಬರೆದ ಒಂದೊಂದು ಮಾತೂ ಸರಿ.

ಹದಿನೆಂಟನೇ ತಾರೀಖು ನಾನಾಗಿಯೇ ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕಚೇರಿಯಮ್ಮ ಬೇಡ ಎಂದಿದ್ದರು. "ಫೈಲು ನನ್ನ ಹತ್ರ ಇದೆ, ಯಾರೂ ಕೇಳ್ತಿಲ್ಲ, ಎರಡು ವರ್ಷ ಸುಮ್ಮನೆ ಕೆಲಸ ಮಾಡಿ" ಎಂದರು. ನನ್ನ ಮೇಲಿನ ಕನಿಕರ ಅದು. ಆದರೆ ಸುಮ್ಮನಿದ್ದೂ ಇದ್ದೂ ನಾವು ಇಬ್ಬರೂ ಎಲ್ಲಿಗೆ ಬಂದು ನಿಂತೆವು ನೋಡಿ. ಇನ್ನು ಒಂದು ದಿನವೂ ಸುಮ್ಮನಿರಲು ಆಗಲಿಲ್ಲ. ಅಲ್ಲದೆ, ನಾನೇ ಹೋಗಿ ಹೇಳಿದರೆ ವೀಸಾ ಕಚೇರಿಗೆ ಅವರೊಂದು ಮಾತು ಬರೆದಾರು, ಸಾಸಿವೆಗೆ ಬಾಗಿಲು ತೆರೆದೀತು ಎಂಬ ಆಸೆಯೂ ಇತ್ತು.

ವಾರದ ನಂತರ ಸಮಿತಿಯ ಮುಂದೆ ಕರೆದರು. ಐದು ಜನ, ಉದ್ದದ ಮೇಜು, ಎಲ್ಲರ ಮುಂದೆಯೂ ನನ್ನ ಅರ್ಜಿಯ ಪ್ರತಿ. ಯಾರೂ ಗದರಿಸಲಿಲ್ಲ. ಪ್ರೊಫೆಸರರು ಒಂದೇ ಪ್ರಶ್ನೆ ಕೇಳಿದರು.

"ಅಳತೇಲಿ ಯಾವತ್ತಾದ್ರೂ ಹೀಗೆ ಮಾಡಿದೀರಾ?"

"ಇಲ್ಲ ಸರ್."

"ಹತ್ತೊಂಬತ್ತನೇ ಕಾಲಮ್ಮಲ್ಲೂ ಇಲ್ಲ ಅಂತಾನೇ ಬರೆದಿದೀರಿ."

ಹನ್ನೊಂದು ವರ್ಷದಲ್ಲಿ ಒಂದು ಅಂಕಿಯನ್ನೂ ನಾನು ತಿದ್ದಿಲ್ಲ. ನಿಮಗೆ ಗೊತ್ತು. ಅವರಿಗೆ ಗೊತ್ತಾಗುವುದು ಹೇಗೆ? ಎಂಟು ತಿಂಗಳ ನನ್ನ ಅಳತೆಯನ್ನೆಲ್ಲ ಬದಿಗಿಟ್ಟಿದ್ದಾರೆ. ಬೇರೊಬ್ಬರು ಮೊದಲಿಂದ ಅಳೆಯುತ್ತಾರೆ. ಫೆಲೋಶಿಪ್ ಮೇ 31ಕ್ಕೆ ಮುಗಿಯುತ್ತದೆ. ವೀಸಾ ಕಚೇರಿಗೆ ಬರೆಯಲು ತಮಗೆ ಅಧಿಕಾರವಿಲ್ಲ ಎಂದರು. ಮೆಟ್ಟಿಲ ಮೇಲಿನ ಫೋಟೋವನ್ನು ನಿನ್ನೆ ಗೋಡೆಯಿಂದ ತೆಗೆದಿದ್ದರು. ಮೊಳೆ ಮಾತ್ರ ಇತ್ತು.

ಜೂನ್ 4ಕ್ಕೆ ಬೆಳಗ್ಗೆ ಬಂದು ಇಳಿಯುತ್ತೇನೆ. ಬಿಟ್ಟುಬಂದ ಕೆಲಸಕ್ಕೆ ಬೇರೆಯವರು ಬಂದಾಗಿದೆ, ಏನು ಮಾಡುತ್ತೇನೋ ಗೊತ್ತಿಲ್ಲ. ಒಂದು ಬೇಡಿಕೆ. ಸಾಸಿವೆಗೆ ಅಮ್ಮನ ಕೆಲಸ ಮುಗಿಯಿತು, ಅದಕ್ಕೇ ಬರುತ್ತಿದ್ದಾಳೆ ಎಂದು ಹೇಳಿ. ಹತ್ತೊಂಬತ್ತನೇ ಕಾಲಮ್ಮಿನ ವಿಷಯ ಅವಳಿಗೆ ಎಂದಿಗೂ ಗೊತ್ತಾಗಬಾರದು. ಅವಳ ಮುಖ ನೋಡುವ ಧೈರ್ಯ ನನಗೆ ಇಲ್ಲ. ವಿಮಾನ ನಿಲ್ದಾಣಕ್ಕೆ ನೀವೊಬ್ಬರೇ ಬನ್ನಿ.


ಮೇ 18, 1996

ನೀನು ಕೇಳಿಕೊಂಡಂತೆ ಮಾಡಲಿಲ್ಲ. ಮಾಡಲು ಆಗಲೂ ಇಲ್ಲ. ನಿನ್ನ ಕಾಗದ ಬರುವ ಮುಂಚೆಯೇ ಸಾಸಿವೆ ಡ್ರಾಯರು ತೆರೆದು ಆ ಹಾಳೆ ಓದಿದ್ದಳು. ಮೂಗಿನ ಮೇಲೆ ಕೂರುವ ಕ್ಲಿಪ್ಪು ಹುಡುಕಿ ಕೊಡು ಎಂದು ಕಳಿಸಿದವನು ನಾನೇ. ನಾನು ತಿರುಗಿ ನೋಡುವಾಗ ಅವಳು ಕೂತು ಓದುತ್ತಿದ್ದಳು, ಬೆರಳಿಟ್ಟುಕೊಂಡು, ಸಾಲು ಸಾಲಾಗಿ.

ನಿನಗೆ ಪರೀಕ್ಷೆಯ ದಿನದ ಸಂಗತಿ ನಾನು ಬರೆದಿಲ್ಲ. ಬರೆಯಲು ಆಗಿರಲಿಲ್ಲ. ಈಗ ಬರೆಯದೆ ಮುಂದಿನದು ನಿನಗೆ ತಿಳಿಯುವುದಿಲ್ಲ.

ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಯಂತ್ರ ಹಾಕಿದರು. ಸದ್ದು ಕೇಳಿಸಿದರೆ ಬೆರಳೆತ್ತಬೇಕಂತೆ ಎಂದು ನಾನೇ ಕೈಯಲ್ಲಿ ಹೇಳಿದೆ. ಡಾಕ್ಟರು ಗುಂಡಿ ಒತ್ತಿದರು. ಅವಳು ಬೆರಳೆತ್ತಿದಳು. ಮತ್ತೆ ಒತ್ತಿದರು, ಮತ್ತೆ ಎತ್ತಿದಳು. ಒಂದೂ ತಪ್ಪಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು. ಒಂದು ಗಳಿಗೆ ನಾನೂ ನಂಬಿಬಿಟ್ಟೆ ಕಣೆ, ಕೇಳಿಸುತ್ತಿದೆಯೇನೋ ಎಂದು. ಅವಳು ಡಾಕ್ಟರ ಮೊಣಕೈ ನೋಡುತ್ತಿದ್ದಳು. ಗುಂಡಿ ಒತ್ತುವಾಗ ಅದು ಒಂದಿಷ್ಟು ಅಲುಗುತ್ತಿತ್ತು. ಡಾಕ್ಟರಿಗೆ ಗೊತ್ತಾಯಿತು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಸುಮ್ಮನೆ ಕೈಕಟ್ಟಿ ಕೂತರು. ಅವಳು ಗೋಡೆ ನೋಡಿಕೊಂಡು, ಅಂದಾಜಿನಲ್ಲಿ, ಆರು ಸಲ ಬೆರಳೆತ್ತಿದಳು.

ಹಾಳೆ ಓದಿ ಮುಗಿಸಿ ನನ್ನ ಹತ್ತಿರ ಬಂದು ಕೈಯಲ್ಲಿ ಕೇಳಿದಳು.

"ನನಗೆ ಕಿವಿ ಕೇಳತ್ತೆ ಅಂತ ಅಮ್ಮ ಬರೆದ್ಲಾ?"

ಹೌದು ಎಂದೆ.

"ನಾನೂ ಡಾಕ್ಟರಿಗೆ ಅದೇ ಹೇಳ್ದೆ. ಅಮ್ಮನೂ ಸಿಕ್ಕಿಬಿದ್ಲಾ?"

ಹೌದು ಎಂದೆ. ಅವಳು ನಕ್ಕಳು. ನನಗೂ ನಗು ಬಂತು. ಇಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು. ಆಗ ಅವಳು, "ಕೇಳಲ್ಲ ಅಂತ ಬರೆದಿದ್ರೆ ಬೇಡ ಅಂತಿದ್ರಾ?" ಎಂದು ಕೇಳಿದಳು. ಬಾಯಿಗೆ ಬಂದ ಸುಳ್ಳನ್ನು ನುಂಗಿಕೊಂಡೆ. ಇಲ್ಲ, ಬಾ ಅಂತಿದ್ದರು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ಗೊತ್ತಲ್ಲ, ಅವಳು ಕಣ್ಣು ಮುಚ್ಚಿಕೊಂಡರೆ ಇನ್ನು ಯಾರೂ ಅವಳೊಡನೆ ಮಾತಾಡುವಂತಿಲ್ಲ. ಗಾಜು ಉಜ್ಜುವ ಯಂತ್ರದ ಪಕ್ಕದಲ್ಲಿ, ಸ್ಟೂಲಿನ ಮೇಲೆ, ಹಾಗೇ ಕೂತಿದ್ದಳು. ಗಿರಾಕಿಗಳು ಬಂದು ಹೋದರು. ಅಂಗಡಿ ಮುಚ್ಚುವವರೆಗೂ ಕಣ್ಣು ಬಿಡಲಿಲ್ಲ. ಕೈಹಿಡಿದು ಮನೆಗೆ ಕರೆತಂದೆ.

ನಿನ್ನ ಮೇಲಿನ ನನ್ನ ಸಿಟ್ಟು ಆ ದಾರಿಯಲ್ಲಿ ಎಲ್ಲೋ ಇಳಿದುಹೋಯಿತು. ಅವಳದು ಇಳಿದಿದೆಯೋ ಇಲ್ಲವೋ ನಾನು ಹೇಳಲಾರೆ.

ನಾಲ್ಕನೇ ತಾರೀಖು ಇಬ್ಬರೂ ಬರುತ್ತೇವೆ. ನಾನು ಕರೆಯಲಿಲ್ಲ, ಅವಳೇ ಬರುತ್ತೇನೆ ಎಂದಳು. ನಿನ್ನನ್ನು ಏನೋ ಕೇಳುವುದಿದೆಯಂತೆ. ಏನೆಂದು ನನಗೆ ಹೇಳಿಲ್ಲ. ಏನೇ ಕೇಳಲಿ, ಅವಳು ಕಣ್ಣು ತೆರೆದಿರುವಾಗಲೇ ಉತ್ತರ ಹೇಳಿಬಿಡು.

ನಿನ್ನವನು